ಟ್ಯಾಂಕಿನ ಬುಡದ ನಲ್ಲಿ

ಬಾಟಲಿಗೆ ಅಂಟಿಸಿದ ಚೀಟಿಯ ಅಂಚಿನಲ್ಲಿ ಹೆಬ್ಬೆಟ್ಟಿನಗಲದ ಕಿತ್ತಳೆ ಗುರುತೊಂದಿತ್ತು. ನೋಡಲು ತುಕ್ಕಿನಂತಿತ್ತು.

ಆಯುಧಪೂಜೆ ಮುಗಿದ ವಾರ. ಮಂಡ್ಯದ ನೀರು ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ನಾನು ವಿಶ್ಲೇಷಕಿಯಾಗಿ ಮೂರನೇ ವರ್ಷದಲ್ಲಿದ್ದೆ. ಆ ಬಾಟಲಿ ಕಿರುಗಾವಲು ಕಡೆಯ ಹಳ್ಳಿಯೊಂದರ ಓವರ್‌ಹೆಡ್ ಟ್ಯಾಂಕಿನದು. ಅಲ್ಲಿನ ವಾಟರ್‌ಮ್ಯಾನ್ ಸಿದ್ದರಾಜು ತುಂಬಿಸಿ ಕಳಿಸಿದ್ದ. ನಮ್ಮ ಯಂತ್ರ ನೀರಿನಲ್ಲಿರುವ ಪಾದರಸವನ್ನು ಆವಿ ಮಾಡಿ ಅಳೆಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.001 ಮಿಲಿಗ್ರಾಂ ಮೀರಬಾರದು. ಅಂದು ಮೀರಿತ್ತು. ಯಂತ್ರವನ್ನು ಶುದ್ಧ ನೀರಿನಿಂದ ಸರಿನೋಡಿ ಮತ್ತೆ ಅಳೆದೆ. ಮತ್ತೆ ಮೀರಿತು.

ವರದಿ ಹೋಯಿತು. ಸರಬರಾಜು ನಿಂತು ಟ್ಯಾಂಕರ್ ಬಂತು. ಮರುಪರೀಕ್ಷೆಗೆ ನೀರಿನ ಮಾದರಿ ತರಲು ನಾನೇ ಹೋದೆ.

ಟ್ಯಾಂಕಿನ ಹತ್ತಿರ ಜಯಮ್ಮ ಎಂಬಾಕೆ ಖಾಲಿ ಬಿಂದಿಗೆ ಹಿಡಿದು ಎದುರು ಬಂದರು.

“ನನ್ ಸೊಸೆ ಏಳ್ ತಿಂಗ್ಳು ಬಸ್ರಿ. ಇದೇ ನೀರ್ ಕುಡ್ದವ್ಳೆ. ಮಗೀಗೆ ಏನಾರಾ ಆಯ್ತದಾ? ಅದೊಂದ್ ಏಳ್ಬುಡು ಕಣವ್ವ.”

ಪಾದರಸ ಗರ್ಭದಲ್ಲಿರುವ ಮಗುವಿನ ಮಿದುಳಿಗೆ ಹಾನಿ ಮಾಡಬಲ್ಲದು. “ಪರೀಕ್ಷೆ ಆಗಲಿ, ಹೇಳ್ತೀನಿ” ಎಂದೆ.

“ಆಸ್ಪತ್ರೇಲೂ ಇಂಗೇ ಅಂತಾರೆ,” ಎಂದರು.

ಮಾದರಿ ತೆಗೆಯುವ ನಲ್ಲಿ ಟ್ಯಾಂಕಿನ ಬುಡದಲ್ಲಿತ್ತು. ಮನೆಗಳಿಗೆ ಹೋಗುವ ಪೈಪು ಬೇರೆ. ನಲ್ಲಿಯ ಬಾಯಿಯವರೆಗೂ ಸಿಂಧೂರ ಬಳಿದಿತ್ತು, ಚೀಟಿಯ ಅಂಚಿನಲ್ಲಿದ್ದ ಅದೇ ಕಿತ್ತಳೆ. ಮೇಲೊಂದು ಬಾಡಿದ ಸೇವಂತಿಗೆ.

“ಪೂಜೆ ಮಾಡ್ದಿದ್ರೆ ಮೋಟ್ರು ಕೈಕೊಡ್ತದೆ ಮೇಡಂ,” ಎಂದ ಸಿದ್ದರಾಜು.

“ಮಾಡಿದ್ ವರ್ಸಾನೇ ಸುಟ್ಟೋಗಿತ್ತಲ್ಲ, ಬುಡ್ಲಾ,” ಎಂದರು ಜಯಮ್ಮ.

ಕೆಲವು ಬಗೆಯ ಸಿಂಧೂರದಲ್ಲಿ ಪಾದರಸ ಇರುತ್ತದೆ. ಬಾಟಲಿ ತುಂಬಿಸುವ ಮೊದಲು ನಲ್ಲಿ ತೊಳೆದೆಯಾ ಎಂದು ಕೇಳಿದೆ. “ಪೂಜೆ ಮಾಡಿದ್ನ ಎಂಗ್ ತೊಳೆಯದು ಮೇಡಂ,” ಎಂದ.

ಪಾದರಸ ಟ್ಯಾಂಕಿನ ನೀರಿನದಲ್ಲ, ಸಿಂಧೂರದ್ದಿರಬಹುದು ಎಂಬ ನನ್ನ ಊಹೆಯನ್ನು ಅಲ್ಲಿ ಹೇಳಲಿಲ್ಲ. ಹೇಳಿ ತಪ್ಪಾದರೆ ಆ ಬಸುರಿ ಸೊಸೆ ಅದೇ ನೀರು ಕುಡಿಯುತ್ತಾಳೆ. ಸಿಂಧೂರವನ್ನು ಹತ್ತಿಯಲ್ಲಿ ಒರೆಸಿ ತೆಗೆದಿಟ್ಟೆ. ನಲ್ಲಿ ತೊಳೆದು, ನೀರು ಚೆನ್ನಾಗಿ ಹರಿದ ಮೇಲೆ ಒಂದು ಬಾಟಲಿ ತುಂಬಿಸಿದೆ. ವಾಲ್ವ್ ತೆಗೆಸಿ ಜಯಮ್ಮನ ಮನೆಯ ನಲ್ಲಿಯಿಂದ ಇನ್ನೊಂದು. ಸೊಸೆ ಹೊಸ್ತಿಲಲ್ಲಿ ನಿಂತು ಬಾಟಲಿಯನ್ನೇ ನೋಡುತ್ತಿದ್ದಳು.

ಮರುದಿನ ಸಂಜೆ ಫಲಿತಾಂಶ ಬಂತು. ಹತ್ತಿಯಲ್ಲಿ ಪಾದರಸವಿತ್ತು. ಎರಡು ಬಾಟಲಿಗಳಲ್ಲೂ ಯಂತ್ರಕ್ಕೆ ಸಿಗುವಷ್ಟು ಇರಲಿಲ್ಲ. ಸಮಾಧಾನವಾಗಬೇಕಿತ್ತು, ಬೆನ್ನು ನೋಯುತ್ತಿದೆ ಎನ್ನುವುದಷ್ಟೇ ಗೊತ್ತಾಯಿತು. ವರದಿ ಕಳಿಸಿ ಮನೆಗೆ ಹೊರಟಾಗ ಸಿದ್ದರಾಜು ಫೋನ್ ಮಾಡಿದ. “ನೀರ್ ಬುಟ್ಟೆ ಮೇಡಂ. ಯಾರೂ ಇಡೀತಿಲ್ಲ.”

ಒಂದು ಊರಿನ ನೀರು ನಿಲ್ಲಿಸಲು ನನ್ನ ಸಹಿ ಸಾಕು, ಮತ್ತೆ ಕುಡಿಸಲು ಸಾಲದು ಎಂದು ಈ ಕೆಲಸ ನನಗೆ ಕಲಿಸಿದ್ದು ಆಗ.

ಮಾರನೆಯ ಬೆಳಿಗ್ಗೆ ರಜೆ ಹಾಕಿ ಮಳವಳ್ಳಿ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಜಯಮ್ಮನ ಮನೆಯ ನಲ್ಲಿ ತಿರುಗಿಸಿದೆ. ಅವರು ಚೊಂಬು ಕೊಟ್ಟರು. ತುಟಿ ತಾಗಿಸದೆ ಎತ್ತಿ ಅರ್ಧ ಕುಡಿದು, ಉಳಿದದ್ದನ್ನು ಸೊಸೆಯ ಕೈಗೆ ಕೊಟ್ಟೆ.