ಬರೆದ ತಾರೀಕು, ಬಂದ ತಾರೀಕು

ಮೆಟಿಲ್ಡಾ ಅಮೆರಿಕ ನೋಡಿದವಳಲ್ಲ. ಆದರೂ 2014ರಿಂದ ದುಬೈಯ ಒಂದು ಅಮೆರಿಕನ್ ಸಿಲೆಬಸ್ ಶಾಲೆಯಲ್ಲಿ ಎಂಟನೇ ತರಗತಿಗೆ ಅಮೆರಿಕದ ಇತಿಹಾಸ ಕಲಿಸುತ್ತಿದ್ದವಳು ಅವಳೇ. ಕಿನ್ನಿಗೋಳಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಏಳು ವರ್ಷ ವಿಜಯನಗರ, ಟಿಪ್ಪು, ಉಪ್ಪಿನ ಸತ್ಯಾಗ್ರಹ ಎಂದು ಪಾಠ ಮಾಡಿಕೊಂಡಿದ್ದವಳು ಮದುವೆಯಾಗಿ ಇಲ್ಲಿಗೆ ಬಂದಳು. ಮೊದಲು ಒಂದು ಕ್ಲಿನಿಕ್ಕಿನ ರಿಸೆಪ್ಷನ್, ಆಮೇಲೆ ಈ ಶಾಲೆಯ ಲೈಬ್ರರಿ. ಇತಿಹಾಸದ ಮೇಷ್ಟ್ರಾಗಿದ್ದ ಕೆನಡಾದವನೊಬ್ಬ ರಜೆಗೆ ಹೋದವನು ತಿರುಗಿ ಬರಲೇ ಇಲ್ಲ. "ನೀವು ಹಿಸ್ಟರಿ ಬಿ.ಎ., ಬಿ.ಎಡ್. ಅಲ್ಲವೇ?" ಎಂದು ಪ್ರಿನ್ಸಿಪಾಲರು ಕೇಳಿದ್ದು ಬೆಳಗಿನ ಏಳೂವರೆಗೆ. ಎಂಟು ಗಂಟೆಗೆ ಅವಳು ಬೋರ್ಡಿನ ಮುಂದೆ ನಿಂತಿದ್ದಳು. ಬೋಸ್ಟನ್ನಿನ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಯಾಕೆ ನೀರಿಗೆ ಎಸೆದರು ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಿಕ್ಕಾಗದ ರೋಗ ಹಿಡಿಯಿತು. ಅನ್ನ ಬಸಿಯುವಾಗಲೂ ಪುಸ್ತಕ, ಬಟ್ಟೆ ಮಡಚುವಾಗಲೂ ಪುಸ್ತಕ. ಮಕ್ಕಳು ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟರೆ ಎಂಬ ಭಯ. ಗಂಡ ಗೇಬ್ರಿಯಲ್ ಅಬುಧಾಬಿಯಾಚೆ ಮದೀನತ್ ಜಾಯೆದ್‌ನಲ್ಲಿ ಒಂದು ಗ್ಯಾಸ್ ಕಂಪನಿಯ ಸ್ಟೋರ್‌ಕೀಪರ್. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗುರುವಾರ ಸಂಜೆ ಬರುತ್ತಿದ್ದ. "ಒಂದು ನಿಮಿಷ ಕೂತ್ಕೊ ಮಾರಾಯ್ತಿ, ಅಮೆರಿಕ ಎಲ್ಲಿಗೂ ಓಡಿಹೋಗುದಿಲ್ಲ" ಎನ್ನುತ್ತಿದ್ದ. ಅವಳು ಕೂರುತ್ತಿದ್ದಳು, ಎರಡು ನಿಮಿಷದಲ್ಲಿ ಎದ್ದು ಸಿಂಕ್ ಉಜ್ಜುತ್ತಿದ್ದಳು.

ಅವರ ಬಾಡಿಗೆ ಮನೆ ಇದ್ದದ್ದು ದುಬೈಯ ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ, ನಾಲ್ಕನೇ ಮಹಡಿಯಲ್ಲಿ. ಆರನೇ ಮಹಡಿಯಲ್ಲಿ ಉಡುಪಿ ಕಡೆಯ ಮೋಹನದಾಸ್ ಮತ್ತು ಸ್ವರ್ಣಲತಾ. ಮೋಹನದಾಸರಿಗೆ ನೈಫ್ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವರ ಮಗಳು ಅಕ್ಷಿತಾ ಮೆಟಿಲ್ಡಾಳ ಕ್ಲಾಸಿನಲ್ಲೇ ಓದುತ್ತಿದ್ದಳು. ಸ್ವರ್ಣಲತಾ ದಿನವೂ ಮಗಳ ಜೊತೆ ಮೆಟಿಲ್ಡಾಳನ್ನೂ ಕಾರಿನಲ್ಲಿ ಶಾಲೆಗೆ ಬಿಡುತ್ತಿದ್ದಳು, ಪತ್ರೊಡೆ ಮಾಡಿದ ದಿನ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದಳು. ಆ ಡಬ್ಬಿ ತರುತ್ತಿದ್ದವಳು ಆಸ್ಯಮ್ಮ, ಅವರ ಮನೆಗೆಲಸದವಳು. ಉಳ್ಳಾಲದವಳು, ವಯಸ್ಸು ಐವತ್ತರ ಹತ್ತಿರ. ಗಂಡ ತೀರಿಹೋಗಿದ್ದ, ಊರಿನಲ್ಲಿ ಮದುವೆಯಾದ ಮಗಳಿದ್ದಳು.

2017ರ ಅಕ್ಟೋಬರಿನಲ್ಲಿ ಮೆಟಿಲ್ಡಾ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಟ್ಟಳು: ಅಮೆರಿಕದ ಇತಿಹಾಸದ ದೊಡ್ಡ ತಿರುವುಗಳು. ಅವಳದ್ದೊಂದು ನಿಯಮವಿತ್ತು. ಏನಾಯಿತು ಎಂದು ಬರೆದರೆ ಎರಡು ಅಂಕ, ಅದರಿಂದ ಯಾರ ಬದುಕು ಬದಲಾಯಿತು ಎಂದು ಬರೆದರೆ ಎಂಟು. ಗೋಡೆಯ ಮೇಲೆ ಉದ್ದದ ಕಾಗದ ಅಂಟಿಸಿದರು. 1776, ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ವರ್ಷ. ಬರೆದವನ ಜಮೀನಿನಲ್ಲೇ ನೂರಾರು ಗುಲಾಮರಿದ್ದರು ಎಂದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. 1863, ಯುದ್ಧದ ನಡುವೆ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ ವರ್ಷ. 1920, ಹೆಂಗಸರಿಗೆ ಮತ ಸಿಕ್ಕಿದ ವರ್ಷ. 1929, ಶೇರುಪೇಟೆ ಕುಸಿದು ಊರಿಗೆ ಊರೇ ಕೆಲಸ ಕಳೆದುಕೊಳ್ಳಲು ಶುರುವಾದ ವರ್ಷ.

"ಆದರೆ 1863ರ ಸುದ್ದಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಎಂಬ ಊರಿಗೆ ತಲುಪಿದ್ದು 1865ರ ಜೂನಿನಲ್ಲಿ" ಎಂದು ಮೆಟಿಲ್ಡಾ ಹೇಳಿದಳು. "ಎರಡೂವರೆ ವರ್ಷ ಅಲ್ಲಿಯ ಗುಲಾಮರು ತಾವು ಸ್ವತಂತ್ರರೆಂದು ತಿಳಿಯದೆಯೇ ದುಡಿದರು."

ಅಕ್ಷಿತಾ ಕೈ ಎತ್ತಿದಳು. "ಮಿಸ್, ನಿಜವಾಗಿ ಒಬ್ಬರಿಗೂ ಗೊತ್ತಿರಲಿಲ್ಲವಾ? ಎರಡೂವರೆ ವರ್ಷ?"

"ಆಗ ವಾಟ್ಸ್ಯಾಪ್ ಇರಲಿಲ್ಲವಲ್ಲ" ಎಂದು ಮೆಟಿಲ್ಡಾ ಹಾರಿಸಿಬಿಟ್ಟಳು. ಕ್ಲಾಸು ನಕ್ಕಿತು. ಅಕ್ಷಿತಾ ನಗಲಿಲ್ಲ.

ಇಲ್ಲಿಯ ಸರ್ಕಾರ ಮನೆಗೆಲಸದವರ ಬಗ್ಗೆ ಹೊಸ ಕಾನೂನು ತಂದ ಸುದ್ದಿ ಪೇಪರಿನಲ್ಲಿ ಬಂದು ಆಗ ಕೆಲವೇ ದಿನವಾಗಿತ್ತು. ವಾರಕ್ಕೊಂದು ರಜೆ, ವರ್ಷಕ್ಕೆ ಮೂವತ್ತು ದಿನದ ಸಂಬಳದ ರಜೆ, ಪಾಸ್‌ಪೋರ್ಟು ಕೆಲಸದವರ ಕೈಯಲ್ಲೇ ಇರಬೇಕು ಎಂದಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿದ್ದ ಮೆಟಿಲ್ಡಾಳಿಗೆ ಆಸ್ಯಮ್ಮನ ನೆನಪಾಗದೆ ಇರಲಿಲ್ಲ. ಪುಟ ಮಗುಚಿದ್ದಳು.

ಗ್ಯಾಲ್ವೆಸ್ಟನ್ ಪಾಠದ ಮಾರನೆಯ ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಸ್ವರ್ಣಲತಾ ಮಾತು ತೆಗೆದಳು. ಅಕ್ಷಿತಾ ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕಿಟಕಿಯತ್ತ ತಿರುಗಿದ್ದಳು.

"ಮೆಟಿಲ್ಡಾ, ನೀವು ಕ್ಲಾಸಲ್ಲಿ ಎಂತ ಕಲಿಸುದು? ನಿನ್ನೆ ಊಟಕ್ಕೆ ಕೂತಾಗ ಇವಳು ಕೇಳ್ತಾಳೆ, ಆಸ್ಯಮ್ಮನ ಪಾಸ್‌ಪೋರ್ಟ್ ಎಲ್ಲುಂಟು ಅಂತ. ಆಸ್ಯಮ್ಮನ ಎದುರೇ. ನಾವೇನು ಅವರನ್ನು ಗುಲಾಮರ ಹಾಗೆ ಇಟ್ಟುಕೊಂಡಿದ್ದೇವಾ?"

"ಇಲ್ಲ ಸ್ವರ್ಣಕ್ಕ. ಅದು ಪಾಠ ಮಾತ್ರ. ನಾನು ಅಮೆರಿಕದ ವಿಷಯ ಹೇಳಿದ್ದು."

"ಹಾಗೇ ಇರ್ಲಿ" ಎಂದು ಸ್ವರ್ಣಲತಾ ಗೇರು ಹಾಕಿದಳು. "ಮಕ್ಕಳ ತಲೆ ಕೆಡಿಸ್ಲಿಕ್ಕೆ ಎಷ್ಟೊತ್ತು ಬೇಕು."

ಪಾಠ ಮಾತ್ರ. ಆ ಮಾತು ಮೆಟಿಲ್ಡಾಳ ಬೆನ್ನು ಬಿಡಲಿಲ್ಲ. ಸ್ವರ್ಣಲತಾ ಕೆಟ್ಟವಳಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಸ್ಯಮ್ಮನಿಗೆ ಜ್ವರ ಬಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು, ಹಬ್ಬಕ್ಕೆ ಸೀರೆ ಕೊಟ್ಟವಳು. ಹೊಡೆತವಿಲ್ಲ, ಬೈಗುಳವಿಲ್ಲ. ಗುಲಾಮಗಿರಿಯ ಪಕ್ಕದಲ್ಲಿ ಇದನ್ನು ಇಡುವುದೇ ತಪ್ಪು ಎಂದು ಒಂದು ಮನಸ್ಸು. ಆದರೆ ಆಸ್ಯಮ್ಮ ಊರಿಗೆ ಹೋಗದೆ ಎಷ್ಟು ವರ್ಷವಾಯಿತು ಎಂದು ಇನ್ನೊಂದು ಮನಸ್ಸು. ಒಂದು ಸಲ ಅಕ್ಷಿತಾಳ ಪರೀಕ್ಷೆ, ಒಂದು ಸಲ ಮೋಹನದಾಸರ ತಾಯಿ ಊರಿನಿಂದ ಬಂದದ್ದು, ಒಂದು ಸಲ ಮನೆಗೆ ಬಣ್ಣ ಹೊಡೆದದ್ದು. ಆ ವಾರ ಮೆಟಿಲ್ಡಾ ಬೋರ್ಡಿನ ಮೇಲೆ ಎರಡು ಸಲ ತಪ್ಪು ವರ್ಷ ಬರೆದಳು. ಗೇಬ್ರಿಯಲ್‌ಗೆ ಫೋನು ಮಾಡಿದಾಗ ಅವನು, "ನಿಂಗ್ಯಾಕೆ ಊರಿನ ಉಸಾಬರಿ? ನಿನ್ನ ಕಾಂಟ್ರಾಕ್ಟ್ ಏಪ್ರಿಲ್‌ನಲ್ಲಿ ಮುಗಿಯುದು ನೆನಪುಂಟಾ?" ಎಂದ. ನೆನಪಿತ್ತು. ಅದೇ ತೊಂದರೆಯಾಗಿತ್ತು.

ಮಂಗಳವಾರ ಮಧ್ಯಾಹ್ನ ಶಾಲೆಯಿಂದ ಬರುವಾಗ ಕಟ್ಟಡದ ಕೆಳಗಿನ ಗ್ರೋಸರಿಯಲ್ಲಿ ಆಸ್ಯಮ್ಮ ಕೊತ್ತಂಬರಿ ಸೊಪ್ಪಿನ ಕಟ್ಟು ಆರಿಸುತ್ತಿದ್ದಳು. ಮೆಟಿಲ್ಡಾ ಒಂದು ಸುತ್ತು ಹಾಕಿ ಬಂದು, ಹಾಲಿನ ಬಾಟಲಿ ಎತ್ತಿ ಮತ್ತೆ ಇಟ್ಟು, ಕೊನೆಗೆ ಹತ್ತಿರ ಹೋಗಿ ತುಳು ಕನ್ನಡ ಬೆರೆಸಿ ಒಂದೇ ಉಸಿರಿಗೆ ಹೇಳಿಬಿಟ್ಟಳು: ಹೊಸ ಕಾನೂನು ಬಂದಿದೆ, ಪಾಸ್‌ಪೋರ್ಟು ನಿಮ್ಮದೇ, ರಜೆ ನಿಮ್ಮ ಹಕ್ಕು, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಆಸ್ಯಮ್ಮ ಸೊಪ್ಪಿನ ನೀರು ಕೊಡವಿದಳು. "ಗೊತ್ತುಂಟು ಟೀಚರ್."

"ಗೊತ್ತುಂಟಾ?"

"ಹೊಸ ಕಾನೂನಿಗಿಂತ ಮೊದಲೇ ಗೊತ್ತುಂಟು. ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರ್ದು ಅಂತ ಮುಂಚೆಯೇ ಇತ್ತಂತೆ. ಎರಡನೇ ಮಹಡಿಯ ನರ್ಸಮ್ಮ ಹೇಳಿದ್ದು, ಮೂರು ವರ್ಷ ಆಯ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

ಆಸ್ಯಮ್ಮ ಇನ್ನೊಂದು ಕಟ್ಟು ಆರಿಸಿದಳು. "ಕೇಳುದು ಸುಲಭ ಟೀಚರ್. ಕೇಳಿದ ಮೇಲೆ ಅದೇ ಅಡುಗೆಮನೆಯಲ್ಲಿ ನಿಲ್ಬೇಕಲ್ಲ, ನಾನೊಬ್ಬಳೇ. ಸ್ವರ್ಣಕ್ಕನಿಗೆ ಬೇಸರ ಆಗ್ತದೆ. ಬೇಸರದ ಮನೆಯಲ್ಲಿ ಕೆಲಸ ಮಾಡುದು ಹೇಗೆ?" ಸೊಪ್ಪು ಚೀಲಕ್ಕೆ ಹಾಕಿದಳು. "ನಿಮ್ಮದು ಎಲ್ಲುಂಟು?"

"ನನ್ನದು ಎಂತ?"

"ಪಾಸ್‌ಪೋರ್ಟ್."

ಮೆಟಿಲ್ಡಾ ನೆನಪು ಮಾಡಿಕೊಂಡಳು. ಎರಡು ವರ್ಷದ ಹಿಂದೆ ವೀಸಾ ಸ್ಟಾಂಪಿಂಗ್‌ಗೆ ಎಂದು ಶಾಲೆಯ ಆಫೀಸಿಗೆ ಕೊಟ್ಟದ್ದು. ಊರಿಗೆ ಹೋಗುವಾಗ ಫಾರ್ಮ್ ತುಂಬಿ ತೆಗೆದುಕೊಳ್ಳುವುದು, ಬಂದ ಮೇಲೆ ತಿರುಗಿ ಕೊಡುವುದು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಅದು ಸೇಫ್‌ನಲ್ಲಿ ಭದ್ರವಾಗಿದೆ ಎಂದುಕೊಂಡಿದ್ದಳೇ ಹೊರತು ಬೇರೇನೂ ಯೋಚಿಸಿರಲಿಲ್ಲ.

"ಆಫೀಸಲ್ಲಿ" ಎಂದಳು.

"ಹಾಂ" ಎಂದಳು ಆಸ್ಯಮ್ಮ. ಅದರಲ್ಲಿ ಕುಹಕವಿರಲಿಲ್ಲ.

ಬುಧವಾರ ಎರಡನೇ ಪಿರಿಯಡ್ ಬಿಡುವಿತ್ತು. ಮೆಟಿಲ್ಡಾ ಆಫೀಸಿನ ಬಾಗಿಲ ತನಕ ಹೋಗಿ ಎರಡು ಸಲ ಹಿಂದೆ ಬಂದಳು. ಮೂರನೆಯ ಸಲ ಒಳಗೆ ಹೋದಳು. ಕೌಂಟರಿನಲ್ಲಿ ಯುಜಿನ್ ಎಂಬ ಕ್ಲಾರ್ಕ್ ಇದ್ದ, ಬೆಳ್ಮಣ್ ಕಡೆಯವನು. "ನನ್ನ ಪಾಸ್‌ಪೋರ್ಟ್ ಬೇಕಿತ್ತು" ಎಂದಳು.

"ಊರಿಗಾ?"

"ಅಲ್ಲ. ನನ್ನ ಹತ್ರ ಇರ್ಲಿ ಅಂತ."

ಯುಜಿನ್ ತಲೆ ಎತ್ತಿ ನೋಡಿದ, ಎದ್ದು ಒಳಗೆ ಹೋದ, ತಂದು ಕೊಟ್ಟ. ಒಂದು ಸಹಿ, ಖಲಾಸ್. ಐದು ನಿಮಿಷವೂ ಆಗಲಿಲ್ಲ. ಯಾರೂ ತಡೆದಿರಲಿಲ್ಲ, ಬೈದಿರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ತನಗೇ ಎರಡು ವರ್ಷ ಬೇಕಾಯಿತಲ್ಲ ಎಂದು ಕಾರಿಡಾರಿನಲ್ಲಿ ನಿಂತು ನಾಚಿದಳು. ಓದಿಕೊಂಡ ತಾನೇ ಬಾಗಿಲಿನಿಂದ ಎರಡು ಸಲ ತಿರುಗಿ ಬಂದರೆ ಆರನೇ ಮಹಡಿಯ ಅಡುಗೆಮನೆಯಲ್ಲಿ ಒಬ್ಬಳೇ ನಿಲ್ಲುವವಳಿಗೆ ಹೇಗಿರಬೇಡ.

ಆ ದಿನ ಸಂಜೆ ಲಿಫ್ಟಿನ ಹತ್ತಿರ ಆಸ್ಯಮ್ಮ ಸಿಕ್ಕಾಗ ಅವಳು ಸುತ್ತು ಬಳಸಲಿಲ್ಲ. "ನೀವು ಕೇಳುದಾದ್ರೆ ನಾನು ಬಂದು ಪಕ್ಕದಲ್ಲಿ ನಿಲ್ತೇನೆ. ಬೇಡ ಅಂದ್ರೆ ಬೇಡ."

ಆಸ್ಯಮ್ಮ ಕಸದ ಚೀಲವನ್ನು ಕೈ ಬದಲಿಸಿದಳು. "ಶುಕ್ರವಾರ ಬೆಳಿಗ್ಗೆ ಬನ್ನಿ. ಸಾಹುಕಾರ್ರು ಮನೆಯಲ್ಲಿರ್ತಾರೆ."

ಶುಕ್ರವಾರ ಒಂಬತ್ತಕ್ಕೆ ಮೆಟಿಲ್ಡಾ ಆರನೇ ಮಹಡಿಯ ಬೆಲ್ ಒತ್ತಿದಳು. ಮೋಹನದಾಸರು ಲುಂಗಿಯಲ್ಲಿ ಕೂತು ಟೀವಿ ನೋಡುತ್ತಿದ್ದರು. ಸ್ವರ್ಣಲತಾ ನೀರುದೋಸೆ ತಿನ್ನಿ ಎಂದು ತಟ್ಟೆ ತರಲು ಹೊರಟಾಗ ಆಸ್ಯಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈ ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದಳು.

"ಸಾಹುಕಾರ್ರೆ, ನನ್ನ ಪಾಸ್‌ಪೋರ್ಟ್ ನನ್ನ ಹತ್ರ ಇರ್ಲಿ. ಮತ್ತೆ, ನಂಗೆ ಊರಿಗೆ ಹೋಗ್ಬೇಕು. ಮಗಳಿಗೆ ಡಿಸೆಂಬರಿನಲ್ಲಿ ಹೆರಿಗೆ."

ಸ್ವರ್ಣಲತಾ ತಿರುಗಿ ಮೆಟಿಲ್ಡಾಳನ್ನು ನೋಡಿದಳು. "ಓ. ಇದಕ್ಕಾ ನೀವು ಬಂದದ್ದು?"

ಮೆಟಿಲ್ಡಾಳಿಗೆ ಎದ್ದು ಹೋಗಿಬಿಡೋಣ ಎನಿಸಿತು. ಎದ್ದಳು, ಆದರೆ ಹೋದದ್ದು ಆಸ್ಯಮ್ಮನ ಬದಿಗೆ. "ಹೌದು ಸ್ವರ್ಣಕ್ಕ. ಅವತ್ತು ಕಾರಿನಲ್ಲಿ ಪಾಠ ಮಾತ್ರ ಅಂದೆ. ಅದು ಸುಳ್ಳು."

"ನಾವು ಇವರಿಗೆ ಎಂತ ಕಡಿಮೆ ಮಾಡಿದ್ದೇವೆ, ಹೇಳಿ. ಮನೆಯವರ ಹಾಗೆ ನೋಡಿಕೊಂಡಿದ್ದೇವೆ. ಪಾಸ್‌ಪೋರ್ಟ್ ಕಳೆದುಹೋಗ್ಬಾರ್ದು ಅಂತ ಲಾಕರಲ್ಲಿ ಇಟ್ಟದ್ದು, ಕದ್ದು ಇಟ್ಟದ್ದಲ್ಲ."

"ಕಡಿಮೆ ಮಾಡಿದ್ದೀರಿ ಅಂತ ಹೇಳ್ಲಿಲ್ಲ ಅಕ್ಕ" ಎಂದಳು ಆಸ್ಯಮ್ಮ. "ನಂದು ನಂಗೆ ಕೊಡಿ ಅಂದೆ, ಅಷ್ಟೇ."

ಮೋಹನದಾಸರು ಟೀವಿ ಆರಿಸಿ ಒಳಗೆ ಹೋದರು. ಬರುವಾಗ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಪೋರ್ಟು ಹೊರತೆಗೆಯುತ್ತಿದ್ದರು. ಯಾಕೋ ಪುಟ ಮಗುಚಿದರು. ವೀಸಾದ ಸ್ಟಿಕ್ಕರುಗಳಿದ್ದವು. ವಿಮಾನ ನಿಲ್ದಾಣದ ಸೀಲು 2013ರದ್ದೇ ಕೊನೆಯದು. ಅವರು ಇನ್ನೂ ಎರಡು ಪುಟ ಹುಡುಕಿದರು.

"ನಾಲ್ಕು ವರ್ಷ ಆಯ್ತಾ ಆಸ್ಯಮ್ಮ?"

"ಆಯ್ತು ಸಾಹುಕಾರ್ರೆ. ಮಗಳ ಮೊದಲ ಮಗುವಿಗೇ ಮೂರು ಆಯ್ತು. ನಾನು ನೋಡ್ಲಿಲ್ಲ."

ಮೋಹನದಾಸರು ಅದನ್ನು ಅವಳ ಕೈಗೆ ಕೊಟ್ಟರು. ಸ್ವರ್ಣಲತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದೋಸೆ ತಣ್ಣಗಾಯಿತು.

ಭಾನುವಾರದಿಂದ ಮೆಟಿಲ್ಡಾಳಿಗೆ ಕಾರಿಲ್ಲ, ಮೆಟ್ರೋ ಮತ್ತು ಬಸ್ಸು. ಆ ದಾರಿಯಲ್ಲೇ ಫೋನಿನಲ್ಲಿ ಗ್ಯಾಲ್ವೆಸ್ಟನ್ ಬಗ್ಗೆ ಮತ್ತೆ ಹುಡುಕಿ ಓದಿದಳು. ತಾನು ಕಲಿಸಿದ್ದು ಅರ್ಧ ಸತ್ಯವಾಗಿತ್ತು. ಬಿಡುಗಡೆಯ ಸುದ್ದಿ ಅಲ್ಲಿಯ ಹಲವರ ಕಿವಿಗೆ ಮೊದಲೇ ಬಿದ್ದಿತ್ತಂತೆ. 1865ರ ಜೂನಿನಲ್ಲಿ ಬಂದದ್ದು ಸುದ್ದಿ ಮಾತ್ರವಲ್ಲ, ಸುಮಾರು ಎರಡು ಸಾವಿರ ಸೈನಿಕರು. ಅವರ ಸೇನಾಪತಿ ಹೊರಡಿಸಿದ ಆಜ್ಞೆಯಲ್ಲೂ ನೀವು ಸ್ವತಂತ್ರರು ಎಂದು ಹೇಳಿ, ಸದ್ದಿಲ್ಲದೆ ಈಗಿರುವ ಮನೆಯಲ್ಲೇ ಇದ್ದು ಕೂಲಿಗೆ ದುಡಿಯಿರಿ ಎಂದು ಬುದ್ಧಿವಾದವಿತ್ತು. ಆ ಸಾಲನ್ನು ಓದಿ ಮೆಟಿಲ್ಡಾ ಇಳಿಯಬೇಕಾದ ಸ್ಟಾಪ್ ದಾಟಿಬಿಟ್ಟಳು.

ಕ್ಲಾಸಿನಲ್ಲಿ ಮೊದಲು ತಪ್ಪೊಪ್ಪಿಕೊಂಡಳು. "ಅಕ್ಷಿತಾ ಕೇಳಿದ್ದು ಸರಿ. ಬಹಳ ಮಂದಿಗೆ ಗೊತ್ತಿತ್ತು. ನಾನು ತಪ್ಪು ಹೇಳಿದೆ." ಗೋಡೆಯ ಕಾಗದದಲ್ಲಿ ಪ್ರತಿ ತಿರುವಿನ ಎದುರು ಎರಡು ಕಾಲಂ ಎಳೆದಳು: ಬರೆದ ತಾರೀಕು, ಬಂದ ತಾರೀಕು. 1863ರ ಎದುರು 1865 ಬಂತು. ಕರಿಯರ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸಬಾರದು ಎಂದು ಕೋರ್ಟು ಹೇಳಿದ 1954ರ ಎದುರು, ಸೈನಿಕರ ಕಾವಲಿನಲ್ಲಿ ಒಂಬತ್ತು ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ 1957. ಕರಿಯ ಗಂಡಸರಿಗೆ ಮತದ ಹಕ್ಕು ಬರೆದ 1870ರ ಎದುರು, ಅದನ್ನು ನಿಜವಾಗಿ ಜಾರಿಗೆ ತಂದ ಕಾನೂನಿನ ವರ್ಷ 1965 ಎಂದು ಬರೆಯುವಾಗ ಒಬ್ಬ ಹುಡುಗ ಬೆರಳೆಣಿಸಿ, "ತೊಂಬತ್ತೈದು ವರ್ಷ, ಮಿಸ್" ಎಂದ. 1776ರ ಎದುರು ಏನು ಬರೆಯುವುದು ಎಂದು ಗಲಾಟೆಯೇ ಆಯಿತು. ಕೆಲವರು 1865, ಕೆಲವರು 1920, ಅಕ್ಷಿತಾ ಇನ್ನೂ ಬಂದಿಲ್ಲ ಎಂದಳು. ಗಂಟೆ ಹೊಡೆಯುವ ತನಕ ತೀರ್ಮಾನವಾಗಲಿಲ್ಲ. ಸಿಲೆಬಸ್‌ನಲ್ಲಿ ಒಂದೇ ತಾರೀಕಿದೆ, ಎರಡಿಲ್ಲ ಎಂದು ಕೋಆರ್ಡಿನೇಟರ್ ಎಚ್ಚರಿಸಿ ಹೋದರು.

ಆಸ್ಯಮ್ಮ ಡಿಸೆಂಬರ್ ಮೊದಲ ವಾರ ಊರಿಗೆ ಹೋದಳು. ಟಿಕೆಟು ಮೋಹನದಾಸರದ್ದು. ಅವಳಿನ್ನು ಬರಲಾರಳು ಎಂದೇ ಮೆಟಿಲ್ಡಾ ಅಂದುಕೊಂಡಿದ್ದಳು. ಬರಬಾರದು ಎಂದು ಒಳಗೊಳಗೇ ಆಸೆಯೂ ಇತ್ತು. ಆದರೆ ಜನವರಿ ಕೊನೆಯಲ್ಲಿ ಅದೇ ಲಿಫ್ಟಿನಲ್ಲಿ ಸಿಕ್ಕಿದಳು, ಕೈಯಲ್ಲಿ ಸೊಪ್ಪಿನ ಚೀಲ.

"ಮತ್ತೆ ಅದೇ ಮನೆಗೆ ಬಂದಿರಾ?" ಮೆಟಿಲ್ಡಾಳ ದನಿಯಲ್ಲಿದ್ದ ನಿರಾಸೆ ಆಸ್ಯಮ್ಮನಿಗೆ ಕೇಳಿಸಿರಬೇಕು.

"ಮತ್ತೆಲ್ಲಿಗೆ ಹೋಗ್ಲಿ ಟೀಚರ್? ಮೊಮ್ಮಗಳು ಹುಟ್ಟಿದ್ದಾಳೆ, ದುಡೀಬೇಕಲ್ಲ. ಶುಕ್ರವಾರ ರಜೆ ಅಂತ ಮಾತಾಡಿಯೇ ಬಂದದ್ದು."

"ಸ್ವರ್ಣಕ್ಕ ಹೇಗಿದ್ದಾರೆ?"

"ಒಂದು ವಾರ ಮಾತಾಡ್ಲಿಲ್ಲ. ಈಗ ಮಾತಾಡ್ತಾರೆ. ನಿಮ್ಮ ಹೆಸರು ತೆಗೆದ್ರೆ ಮಾತ್ರ ಎದ್ದು ಹೋಗ್ತಾರೆ."

ಏಪ್ರಿಲ್‌ನಲ್ಲಿ ಮೆಟಿಲ್ಡಾಳ ಕಾಂಟ್ರಾಕ್ಟು ಎರಡು ವರ್ಷಕ್ಕೆ ಬದಲು ಒಂದೇ ವರ್ಷಕ್ಕೆ ನವೀಕರಣವಾಯಿತು. ಕಾರಣ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಮನೆಗೆ ಬಂದು ಸಿಂಕ್ ಉಜ್ಜುತ್ತಾ ಗೊಣಗಿದಳು. ಗೇಬ್ರಿಯಲ್ ಆ ಗುರುವಾರ ಬಂದಿದ್ದ. ಕೂತ್ಕೊ ಎಂದು ಅವನು ಹೇಳಲಿಲ್ಲ. "ಭಾನುವಾರ ಹೋಗಿ ಕೇಳು" ಎಂದ, "ನಾನು ರಜೆ ಹಾಕಿ ಇಲ್ಲೇ ನಿಲ್ತೇನೆ. ಬೇಕಾದ್ರೆ ಒಟ್ಟಿಗೆ ಬರ್ತೇನೆ."