ಬೋರಮಾಳದೊಳಗಿನ ಅರಗು

ಗದಗಿನ ಸರಾಫನೊಬ್ಬ ಇಸಾಕನಿಗೆ ಇಪ್ಪತ್ತಾರು ದಿನದ ಪಗಾರ ಇನ್ನೂ ಕೊಟ್ಟಿಲ್ಲ. ಹತ್ತೊಂಬತ್ತು ವರ್ಷ ಆ ಅಂಗಡಿಯಲ್ಲಿ ಬಂಗಾರವನ್ನು ಒರೆಗಲ್ಲಿಗೆ ತಿಕ್ಕಿ ಚೊಕ್ಕತನ ಹೇಳಿದವನು ಇಸಾಕ. ಹೆಂಗಸರ ಕೊರಳಿನ ಬೋರಮಾಳದ ಗುಂಡುಗಳೊಳಗೆ ಅರಗು ತುಂಬಿರುತ್ತದೆ. ಅದೆಷ್ಟೆಂದು ಅವನು ಅಂಗೈಯಲ್ಲಿ ಹಿಡಿದೇ ಹೇಳುತ್ತಿದ್ದ. ಮಾರಲು ತಂದ ಸರದ ತೂಕದಲ್ಲಿ ಅಷ್ಟನ್ನು ಕಳೆದು ಸರಾಫ ರೊಕ್ಕ ಕೊಡುತ್ತಿದ್ದ.

ಈ ವರ್ಷ, ೧೯೮೦ರ ಜನವರಿಯಲ್ಲಿ, ಮುಂಬೈಯಿಂದ ಫೋನು ಬಂದಾಗಲೆಲ್ಲ ಬಂಗಾರದ ದರ ಏರಿರುತ್ತಿತ್ತು. ದರ ಏರಿದ ಹಾಗೆ ಸರಾಫನ ಬಾಯಲ್ಲಿ ಅರಗೂ ಏರಿತು.

ಗಂಡನ ಆಪರೇಶನ್ನಿಗೆಂದು ಮುಂಡರಗಿಯ ಸಿದ್ದಲಿಂಗವ್ವ ಬೋರಮಾಳ ಬಿಚ್ಚಿಟ್ಟಳು. ಮೂರು ತೊಲೆ ತೂಗಿತು.

“ಅರಗ ಒಂದೂವರಿ ತೊಲಿ ಐತಿ. ಹೌದಂತ ಹೇಳಲೇ ಇಸಾಕ,” ಎಂದ ಸರಾಫ.

“ಅರ್ಧ ತೊಲಿ ಮ್ಯಾಲ ಇಲ್ರಿ ಸಾವಕಾರ್ರ. ಕರಗಿಸಿ, ಆಕಿ ಮುಂದನ ತೂಗ್ರಿ.”

“ನನ್ನ ಅನ್ನ ತಿಂದು ನನಗ ಶಾಣ್ಯಾತನ ಹೇಳ್ತಿ? ಏಳ, ಹೊರಗ ನಡಿ!”

ಮಾರಲು ಬಂದಿದ್ದ ಆರು ಮಂದಿ ಅಲ್ಲೇ ಕುಳಿತಿದ್ದರು. ಎಲ್ಲರೂ ನೆಲ ನೋಡಿದರು. ಸರಾಫ ಕೊಟ್ಟಷ್ಟು ರೊಕ್ಕವನ್ನು ಸಿದ್ದಲಿಂಗವ್ವ ಸೆರಗಿಗೆ ಕಟ್ಟಿಕೊಂಡು ಹೋದಳು. ಒಂದು ತೊಲೆ ಬಂಗಾರ ಸರಾಫನಿಗೆ ಪುಕ್ಕಟೆ ಸಿಕ್ಕಿತು. ಇಸಾಕನನ್ನು ಆ ಓಣಿಯ ಯಾವ ಅಂಗಡಿಯೂ ಸೇರಿಸಿಕೊಳ್ಳಲಿಲ್ಲ. ಈಗ ಬೆಟಗೇರಿಯಲ್ಲಿ ಚೀಲ ಹೊರುತ್ತಾನೆ.

ನೀವೂ ಎಂದಾದರೂ ಅಂಥ ಸರಾಫನ ಗಾದಿಯ ಮುಂದೆ ಕೂಡುತ್ತೀರಿ. ಪಕ್ಕದವಳ ಬಂಗಾರ ತಕ್ಕಡಿಗೆ ಬಿದ್ದಾಗ ನೆಲ ನೋಡಬೇಡಿ. ಮೊದಲು ಅರಗು ಕರಗಿಸಿ ತೂಗು ಎಂದು ಬಾಯಿಬಿಟ್ಟು ಕೇಳಿ.