ಎದುರು ಮನೆಯಲ್ಲಿ ಬೆಂದ ಖರ್ಜೂರದ ಕೇಕ್

ಈ ಕೊಲ್ಲಿ ದೇಶಕ್ಕೆ ಬಂದ ಮೇಲೆ ನಾವಿದ್ದ ಮೈದಾನ್ ಹವಲ್ಲಿಯ ಹಳೆಯ ಕಟ್ಟಡದಲ್ಲಿ ಏಸಿ ಓಡುತ್ತಿರುವಾಗ ಇನ್ನೊಂದು ದೊಡ್ಡ ಯಂತ್ರ ಹಚ್ಚಿದರೆ ಕರೆಂಟು ಹೋಗುತ್ತಿತ್ತು. ಇದು ಗೊತ್ತಿದ್ದೂ ನನ್ನ ಗಂಡ ಒಂದು ಸಂಜೆ ಕರೆಂಟಿನ ದೊಡ್ಡ ಕುಕ್ಕರೊಂದನ್ನು ಹೊತ್ತುಕೊಂಡು ಬಂದರು. ಅನ್ನ, ಸಾರು, ಇಡ್ಲಿ, ಹುರಿಯುವುದು, ಕರಿಯುವುದು, ಕೇಕು, ಬ್ರೆಡ್ಡು ಎಲ್ಲ ಇದೊಂದರಲ್ಲೇ ಆಗುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಊರಿನಲ್ಲಿ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ಮದುವೆಯಾಗಿ ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ನೆರಳಿನಲ್ಲಿ ಇಲ್ಲಿಗೆ ಬಂದ ಮೇಲೆ ಕೆಲಸಕ್ಕೆ ಹೋಗುವಂತಿರಲಿಲ್ಲ. “ನಿನಗೆ ಟೈಂಪಾಸ್ ಆಗ್ತದೆ” ಎಂದರು. ಮಾತು ನನಗೆ ಹಿಡಿಸಲಿಲ್ಲ, ಯಂತ್ರ ಹಿಡಿಸಿತು.

ಮರುದಿನ ಮಧ್ಯಾಹ್ನ ಅದನ್ನು ಹಚ್ಚಿದ್ದೇ ತಡ, ಮನೆಯೆಲ್ಲ ಕತ್ತಲು. ಫ್ಯೂಸಿನ ಡಬ್ಬಿ ನೋಡಲು ಬಾಗಿಲು ತೆರೆದು ಹೊರಗೆ ಬಂದೆ. ಎದುರು ಮನೆಯ ಹೆಂಗಸೂ ಹೊರಗೆ ಬಂದಳು. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರ ಕುಟುಂಬ ಅವರದು. ಗಂಡ ಬಟ್ಟೆ ಅಂಗಡಿಯಲ್ಲಿದ್ದ. ಅಷ್ಟು ತಿಂಗಳು ಲಿಫ್ಟಿನಲ್ಲಿ ಮುಗುಳ್ನಕ್ಕು ಸುಮ್ಮನಿದ್ದವರು ನಾವು. ಅಂದು ಅವಳು ತುಳುವಿನಲ್ಲಿ ಏನಾಯಿತೆಂದು ಕೇಳಿದಳು. ತುಳು ಕಿವಿಗೆ ಬಿದ್ದದ್ದೇ ನಾನು ಯಂತ್ರದ ಇಡೀ ಕಥೆ ಹೇಳಿಬಿಟ್ಟೆ. ಅವಳ ಅಡುಗೆಮನೆಗೆ, ಹಿಂದೆ ಇದ್ದವರು ಓವನ್ನಿಗಾಗಿ ಎಳೆಸಿದ್ದ ಬೇರೆಯೇ ಲೈನಿತ್ತು. ಹೀಗೆ ನನ್ನ ಕುಕ್ಕರು ಅವಳ ಮನೆ ಸೇರಿತು. ಗಂಡ ಕೇಳಿದಾಗ, ಇಲ್ಲಿ ಕರೆಂಟು ತಡೆಯುವುದಿಲ್ಲ, ಅಲ್ಲಿಟ್ಟಿದ್ದೇನೆ ಎಂದೆ. ಅವರು ಫೋನಿನಿಂದ ತಲೆಯೆತ್ತದೆ ಹೂಂ ಎಂದರು.

ಮಕ್ಕಳು ಶಾಲೆಯಿಂದ ಬರುವ ತನಕ ಮಧ್ಯಾಹ್ನಗಳು ನಮ್ಮವು. ಮೊದಲ ಕೇಕು ಮೇಲೆ ಇಡ್ಲಿಯ ಹಾಗೆ ಬೆಳ್ಳಗೆ, ಒಳಗೆ ಹಸಿ ಹಿಟ್ಟು. ಮುಚ್ಚಳದಲ್ಲಿ ಕಟ್ಟಿದ ಹಬೆ ನೀರಾಗಿ ಕೇಕಿನ ಮೇಲೆಯೇ ತೊಟ್ಟಿಕ್ಕಿತ್ತು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದಕ್ಕೇನೂ ಉಪಾಯವಿರಲಿಲ್ಲ. ಎರಡನೆಯ ಸಲ ಪಾತ್ರೆಯ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿದೆವು. ಹಸಿ ಹೋಯಿತು, ಬಣ್ಣ ಬರಲಿಲ್ಲ. ಅವಳ ಉಮ್ಮ ಕಲ್ತಪ್ಪ ಮಾಡುವಾಗ ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದರಂತೆ. ಅಕ್ಕಿಹಿಟ್ಟು, ಬೆಲ್ಲ, ಹುರಿದ ಕೊಬ್ಬರಿ ಚೂರು ಹಾಕಿ ಮಾಡುವ ಅಪ್ಪ ಅದು. ಮೇಲಿನಿಂದ ಬಿಸಿ ಕೊಡುವ ಇನ್ನೊಂದು ಮುಚ್ಚಳವೂ ಪೆಟ್ಟಿಗೆಯಲ್ಲೇ ಇತ್ತು. ಕೋಳಿ ಸುಡಲಿಕ್ಕಿರುವುದು ಎಂದುಕೊಂಡು ನಾವು ಅದನ್ನು ಹೊರಗೇ ತೆಗೆದಿರಲಿಲ್ಲ. ಕೊನೆಯ ಹತ್ತು ನಿಮಿಷ ಅದನ್ನಿಟ್ಟೆವು. ಕೇಕು ಕೆಂಪಾಯಿತು. ಇಬ್ಬರೂ ನೆಲದ ಮೇಲೆ ಕುಳಿತು ಬಿಸಿ ಇರುವಾಗಲೇ ಮುರಿದು ತಿಂದೆವು.

ಆಮೇಲೆ ನಾನು ಲ್ಯಾಬಿನ ಅಭ್ಯಾಸವನ್ನು ಅಲ್ಲಿಗೂ ತಂದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು: ಇವತ್ತು ಹಿಟ್ಟು, ನಾಳೆ ಬಿಸಿ. ಅವಳಿಗೆ ಅಷ್ಟು ತಾಳ್ಮೆಯಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಏಲಕ್ಕಿ ಹೆಚ್ಚು ಸುರಿದು ಏನೂ ಗೊತ್ತಿಲ್ಲದವಳ ಹಾಗೆ ನಿಂತಿರುತ್ತಿದ್ದಳು. ರಾಗಿ ಬ್ರೆಡ್ಡು ಇಟ್ಟಿಗೆಯಾಯಿತು. ಇಡ್ಲಿ ಹಿಟ್ಟು ಸುರಿದು ಬೇಯಿಸುವ ಮೂಡೆ ಕಟ್ಟಲು ಮುಂಡುಕದ ಎಲೆ ಇಲ್ಲದೆ ಕಾಗದದಲ್ಲಿ ಮಾಡಿದ್ದು ಕಾಗದದ ಸಮೇತ ಬೆಂದುಹೋಯಿತು. ಒಮ್ಮೆ ಬಂಗುಡೆ ಪುಳಿಮುಂಚಿ ಮಾಡಿದ ಮರುದಿನ ವೆನಿಲಾ ಕೇಕು ಮಾಡಿ ಎರಡೂ ಮನೆಯವರಿಂದ ಬೈಸಿಕೊಂಡೆವು. ಮುಚ್ಚಳದ ರಬ್ಬರು ಮೀನಿನ ವಾಸನೆ ಹೀರಿಕೊಂಡಿತ್ತು. ಮೀನಿಗೊಂದು, ಸಿಹಿಗೊಂದು ಎಂದು ಬೇರೆ ಬೇರೆ ರಬ್ಬರು ಇಟ್ಟೆವು. ಮದುವೆಯಾಗಿ ಬಂದ ಮೇಲೆ ನಾನು ಅಷ್ಟು ಖುಷಿಯಾಗಿದ್ದದ್ದು ಆ ಮಧ್ಯಾಹ್ನಗಳಲ್ಲಿ ಮಾತ್ರ. ಇದನ್ನು ಯಾರಿಗೂ ಹೇಳಿರಲಿಲ್ಲ, ಅವಳಿಗೂ.

ಚಳಿಗಾಲ ಬರುವಷ್ಟರಲ್ಲಿ ನಮ್ಮದೇ ಎನ್ನಬಹುದಾದ ಒಂದು ಕೇಕು ತಯಾರಾಗಿತ್ತು. ಬಿಸಿನೀರಲ್ಲಿ ನೆನೆಸಿ ಅರೆದ ಇಲ್ಲಿಯ ಖರ್ಜೂರ, ಊರಿಂದ ಬಂದ ಬೆಲ್ಲ, ಅರ್ಧ ಮೈದಾ ಅರ್ಧ ಅಕ್ಕಿಹಿಟ್ಟು, ಕಲ್ತಪ್ಪದಲ್ಲಿರುವ ಹಾಗೆ ತುಪ್ಪದಲ್ಲಿ ಹುರಿದ ಕೊಬ್ಬರಿ ಚೂರು. ನಮ್ಮ ಊರಿನವರ ಸಂಘದ ಪಿಕ್ನಿಕ್ಕಿಗೆ ಏನಾದರೂ ಮಾಡಿ ತರಬೇಕೆಂದು ಗಂಡ ಹೇಳಿದಾಗ ಇದನ್ನೇ ಒಯ್ಯುವುದೆಂದು ನಿಶ್ಚಯಿಸಿದೆವು. ಹಿಂದಿನ ದಿನ ಎರಡು ಕೇಕು ಮಾಡಿದೆವು. ಒಂದರ ತುದಿ ಸ್ವಲ್ಪ ಸೀದಿತ್ತು. ಅವಳು ಕೂದಲಿನಷ್ಟು ತೆಳ್ಳಗೆ ಅದನ್ನು ಹೆರೆದು ತೆಗೆದಳು. ಎಲ್ಲರೂ ತಿಂದು ಏನು ಹೇಳಿದರೆಂದು ತನಗೆ ಬಂದು ಹೇಳಬೇಕೆಂದಳು.

ಆ ವಾರ ಊರಿನಲ್ಲಿ ಏನೋ ಕೋಮು ಗಲಾಟೆಯಾಗಿತ್ತು. ಅಂಗಡಿಗಳು ಮುಚ್ಚಿದ್ದವು, ಎಲ್ಲರ ಫೋನುಗಳಲ್ಲೂ ವಿಡಿಯೋಗಳು ಓಡಾಡುತ್ತಿದ್ದವು. ಫಿಂಟಾಸಿನ ಸಮುದ್ರ ದಂಡೆಯಲ್ಲಿ ಚಾಪೆ ಹಾಸಿ ಕುಳಿತ ಗಂಡಸರು ಅದನ್ನೇ ಮಾತಾಡುತ್ತಿದ್ದರು. ಹೆಂಗಸರ ಕಡೆ ಕೋರಿರೊಟ್ಟಿಯ ಊಟ ಮುಗಿದ ಮೇಲೆ ನಾನು ಡಬ್ಬಿ ತೆರೆದೆ. ಸಂಘದ ಹಿರಿಯರೊಬ್ಬರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ಮೊದಲ ತುಂಡು ತೆಗೆದುಕೊಂಡರು. ಕಣ್ಣು ಮುಚ್ಚಿ ಜಗಿದರು. ಇಷ್ಟು ಮೆತ್ತಗೆ ಹೇಗೆ ಬಂತು, ಯಾವ ಓವನ್ನು ಎಂದು ವಿಚಾರಿಸಿದರು.

ನಾನು ಉಬ್ಬಿಹೋಗಿ ಎಲ್ಲ ಹೇಳಿದೆ. ಕುಕ್ಕರು, ಎರಡು ಮುಚ್ಚಳ, ಎದುರು ಮನೆಯವಳು, ಅವಳ ಉಮ್ಮನ ಕಲ್ತಪ್ಪ.

“ಓ, ಅವರ ಮನೆಯಲ್ಲಿ ಮಾಡಿದ್ದಾ?” ಎಂದರು ಅಕ್ಕ.

“ಹೌದು ಅಕ್ಕ. ನಾವಿಬ್ಬರೂ ಸೇರಿ.”

ಅವರು ಕೈಯಲ್ಲಿದ್ದ ಉಳಿದರ್ಧವನ್ನು ಟಿಶ್ಯೂವಿನಲ್ಲಿ ಸುತ್ತಿ ಚಾಪೆಯ ಅಂಚಿನಲ್ಲಿಟ್ಟರು. ಡಬ್ಬಿಯ ಕಡೆ ಬಂದಿದ್ದ ಇನ್ನೊಂದು ಕೈ ನೀರಿನ ಬಾಟಲಿಯ ಕಡೆ ತಿರುಗಿತು. ಒಬ್ಬಳಿಗೆ ಶುಗರ್, ಇನ್ನೊಬ್ಬಳಿಗೆ ಹೊಟ್ಟೆ ತುಂಬಿದೆ. ಕೇಕು ಕೇಳಿದ ಮಗುವೊಂದನ್ನು ಅದರ ತಾಯಿ ಆಟವಾಡಲು ಕಳಿಸಿದಳು. ಕೋಳಿ, ಮೀನು ಬಿಡದೆ ತಿನ್ನುವ ಜನ ನಾವೆಲ್ಲ. ಮಡಿಯ ಮಾತೂ ಅಲ್ಲಿರಲಿಲ್ಲ. ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಯಾರೂ ಹೇಳಲಿಲ್ಲ. ಎಲ್ಲರೂ ನನ್ನೊಂದಿಗೆ ಮತ್ತಷ್ಟು ಪ್ರೀತಿಯಿಂದಲೇ ಮಾತಾಡಿದರು.

ವಾಪಸು ಬರುವಾಗ ಡಬ್ಬಿ ನನ್ನ ತೊಡೆಯ ಮೇಲಿತ್ತು. ಗಂಡನಿಗೆ ಸುದ್ದಿ ಆಗಲೇ ಮುಟ್ಟಿತ್ತು.

“ನೀನು ಎಲ್ಲ ಬಿಡಿಸಿ ಹೇಳುವ ಅಗತ್ಯ ಎಂತ ಇತ್ತು? ಮನೆಯಲ್ಲಿ ಮಾಡಿದ್ದು ಅಂದಿದ್ರೆ ಮುಗೀತಿತ್ತು. ಖಲಾಸ್.”

“ನೀವು ಒಂದು ತುಂಡು ತಿನ್ನಬಹುದಿತ್ತಲ್ಲ, ಎಲ್ಲರ ಎದುರು.”

ಅವರು ರೇಡಿಯೋ ಹಾಕಿದರು. ಅದೇ ಕೇಕಿನ ಹಿಂದಿನ ಎಷ್ಟೋ ತಿದ್ದುಪಡಿಗಳನ್ನು ಚಹಾದ ಜೊತೆ ಚಪ್ಪರಿಸಿದವರು ಅವರು.

ಮರುದಿನ ಬೆಳಿಗ್ಗೆ ಎದುರು ಮನೆಯ ಬಾಗಿಲು ತಟ್ಟಿದೆ. ಅವಳು ಕೈ ಒರೆಸಿಕೊಳ್ಳುತ್ತಾ ನಗುತ್ತಲೇ ಬಂದಳು. ನಾನು ಖಾಲಿ ಡಬ್ಬಿ ಕೊಡಲು ಬಂದಿರುವೆನೆಂದುಕೊಂಡು ಕೈ ಚಾಚಿದಳು. ಡಬ್ಬಿಯ ಭಾರ ಕೈಗೆ ತಾಗಿದಾಗ ನನ್ನ ಮುಖ ನೋಡಿದಳು. ಮಳೆ ಬಂತೆಂದೋ, ಊಟವೇ ಹೆಚ್ಚಾಯಿತೆಂದೋ ಹೇಳಬಹುದಿತ್ತು. ಅವಳ ಎದುರು ಸುಳ್ಳು ಹೇಳಬಾರದು, ಇಷ್ಟು ಗೆಳೆತನದಲ್ಲಿ ಅದು ಅವಮಾನ ಎಂದು ನನಗೆ ಅನಿಸಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ಮುಚ್ಚಳವನ್ನು ಒತ್ತಿ ಒತ್ತಿ ಸರಿಮಾಡಿದಳು.

“ಅಕ್ಕ, ನನಗಾದ್ರೂ ನೀವು ಸುಳ್ಳು ಹೇಳಬಹುದಿತ್ತು” ಎಂದಳು. “ಇಂಥದ್ದು ನನಗೆ ಗೊತ್ತಿಲ್ಲದ್ದಲ್ಲ. ನಿಮ್ಮ ಬಾಯಿಯಿಂದ ಕೇಳ್ಬೇಕಿರಲಿಲ್ಲ.”

ನಿಜ ಹೇಳಿದ್ದಕ್ಕೆ ಗಂಡನಿಗೂ ಅವಳಿಗೂ ನಾನೇ ತಪ್ಪಾದೆ. ಕೈ ಹಿಂದೆ ಎಳೆದುಕೊಂಡವರೆಲ್ಲ ನೆಮ್ಮದಿಯಾಗಿದ್ದರು.

ಜಗಳವೇನೂ ಆಗಲಿಲ್ಲ. ಅವಳ ಮಗನಿಗೆ ಪರೀಕ್ಷೆ ಬಂತು, ಆಮೇಲೆ ಊರಿಂದ ಯಾರೋ ನೆಂಟರು ಬಂದರು. ಮಧ್ಯಾಹ್ನ ಬಾಗಿಲು ತಟ್ಟಿದರೆ ತೆರೆಯುತ್ತಿದ್ದಳು, ಚಹಾ ಕೊಡುತ್ತಿದ್ದಳು. ಹಿಟ್ಟಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಒಂದು ದಿನ ಅವಳ ಗಂಡ ಕುಕ್ಕರನ್ನು ತಂದು ನಮ್ಮ ಬಾಗಿಲಲ್ಲಿಟ್ಟು, ಜಾಗ ಸಾಲುತ್ತಿಲ್ಲ ಎಂದು ಸಂಕೋಚದಿಂದ ಹೇಳಿ ಹೋದ. ಸ್ಟೀಲಿನ ಪಾತ್ರೆಯನ್ನು ಫಳಫಳ ಹೊಳೆಯುವ ಹಾಗೆ ತಿಕ್ಕಿದ್ದಳು. ಮಕ್ಕಳ ಶಾಲೆಗೆ ರಜೆ ಸಿಕ್ಕಾಗ ಅವರು ಸಾಲ್ಮಿಯಾ ಕಡೆ ಬೇರೆ ಮನೆ ಮಾಡಿದರು. ಗಂಡನ ಅಂಗಡಿಗೆ ಹತ್ತಿರವಾಗುತ್ತದೆ ಎಂದಳು. ಇರಬಹುದು. ಹೊರಡುವ ದಿನ ನಾನು ಕೆಳಗೆ ಹೋಗಿ ಅವಳ ಕೈ ಹಿಡಿದುಕೊಂಡೆ. ಅವಳೂ ಹಿಡಿದುಕೊಂಡಳು. ಲಾರಿಯವನು ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದ.

ಮುಂದಿನ ಚಳಿಗಾಲ ಮತ್ತೆ ಪಿಕ್ನಿಕ್. ಈ ಸಲ ಗಂಡ ನನ್ನನ್ನೇನೂ ಕೇಳದೆ ಹವಲ್ಲಿಯ ಒಂದು ಬೇಕರಿಯಿಂದ ದೊಡ್ಡ ಕೇಕು ತಂದರು. ಒಳಗೆ ಒಲೆಯ ಮುಂದೆ ಈಜಿಪ್ಟಿನವರು, ಹೊರಗೆ ಪೊಟ್ಟಣ ಕಟ್ಟಲು ಬಾಂಗ್ಲಾದ ಭಾಯಿಗಳು ಇರುವ ಬೇಕರಿ ಅದು. ಚಾಪೆಯ ಮೇಲಿಟ್ಟ ಕೇಕನ್ನು ಅಕ್ಕ ತಾವೇ ತುಂಡು ಮಾಡಿ ಎಲ್ಲರಿಗೂ ಹಂಚಿದರು. ಯಾರ ಕೈಯಲ್ಲಿ ಬೆಂದದ್ದೆಂದು ಯಾರೂ ಕೇಳಲಿಲ್ಲ. ಮಕ್ಕಳು ಮುಖಕ್ಕೆಲ್ಲ ಕ್ರೀಮು ಮೆತ್ತಿಕೊಂಡು ಎರಡೆರಡು ಸಲ ತಿಂದರು. ನನ್ನ ಪಾಲಿನ ತಟ್ಟೆಯನ್ನು ಅಕ್ಕ ನನ್ನ ಕೈಯಲ್ಲೇ ಇಟ್ಟು, “ತಿನ್ನು ಮಾರಾಯ್ತಿ, ಚೆನ್ನಾಗುಂಟು” ಎಂದರು.

ನನಗೆ ಶುಗರ್ ಉಂಟು ಅಕ್ಕ, ಎಂದೆ.